ಮುಳುಗುವ ಉಪಗ್ರಹದಿಂದ ಬಾನಿನ ಲೆಕ್ಕ

ರೇಡಿಯೊದ ಮುಳ್ಳು ತಿರುಗಿಸುತ್ತ ಶಾರ್ಟ್‌ವೇವ್‌ನಲ್ಲಿ ಸಿಲೋನ್ ಕೇಂದ್ರ ಹಿಡಿದವರಿಗೆಲ್ಲ ಅಯಾನುಗೋಳದ ಪರಿಚಯವಿದೆ; ಹೆಸರು ಗೊತ್ತಿರಲಿಲ್ಲ, ಅಷ್ಟೆ. ನೆಲದಿಂದ ಸುಮಾರು 80 ಕಿಲೋಮೀಟರ್ ಎತ್ತರದಿಂದ ಶುರುವಾಗುವ ಆ ಪದರದಲ್ಲಿ ಬಿಸಿಲಿನ ಪೆಟ್ಟಿಗೆ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡಿರುತ್ತವೆ. ಶಾರ್ಟ್‌ವೇವ್ ಅಲೆ ಅಲ್ಲಿಂದ ಮರಳಿ ನೆಲಕ್ಕೆ ಬರುತ್ತದೆ. ಜಿಪಿಎಸ್ ಅಲೆ ತೂರಿಕೊಂಡೇ ಬರುತ್ತದೆ, ಆದರೆ ತುಸು ತಡವಾಗಿ. ಫೋನು ತೋರಿಸುವ ಜಾಗ ಕೆಲವು ಮೀಟರ್ ತಪ್ಪುವುದಕ್ಕೆ ಈ ತಡವೂ ಒಂದು ಕಾರಣ.

ಜಿಪಿಎಸ್ ಉಪಗ್ರಹ 1575.42 ಮತ್ತು 1227.60 ಮೆಗಾಹರ್ಟ್ಸ್‌ಗಳಲ್ಲಿ ಸಂಕೇತ ಕಳಿಸುತ್ತದೆ. ಎರಡನೆಯದಕ್ಕೆ ತಡ ಹೆಚ್ಚು. ಈ ವ್ಯತ್ಯಾಸ ಹಿಡಿದರೆ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿದ್ದವೆಂದು ಹೇಳಬಹುದು. ನೆಲದಲ್ಲಿಟ್ಟ ರಿಸೀವರಿಗೆ ಒಟ್ಟು ಮೊತ್ತ ಮಾತ್ರ ಸಿಗುತ್ತದೆ. ಯಾವ ಎತ್ತರದಲ್ಲಿ ಎಷ್ಟು ಎಂದು ತಿಳಿಯಲು ಪಕ್ಕದಿಂದ ನೋಡಬೇಕು.

1995ರಲ್ಲಿ ಅಮೆರಿಕ ಒಂದೇ ಉಪಗ್ರಹದಿಂದ ಪಕ್ಕದಿಂದ ನೋಡುವ ಈ ವಿಧಾನವನ್ನು ಪರೀಕ್ಷಿಸಿತು. 2006ರ ಏಪ್ರಿಲ್‌ನಲ್ಲಿ ತೈವಾನ್ ಮತ್ತು ಅಮೆರಿಕ ಜೊತೆಗೂಡಿ ಆರು ಪುಟ್ಟ ಉಪಗ್ರಹಗಳನ್ನು ಕ್ಯಾಲಿಫೋರ್ನಿಯಾದಿಂದ ಹಾರಿಸಿದವು. ಮೀಟರಿಗಿಂತ ತುಸು ಅಗಲದ, ಚಪ್ಪಟೆ ದುಂಡು ಉಪಗ್ರಹಗಳು. ಒಂದೇ ರಾಕೆಟ್ಟಿನಲ್ಲಿ ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಕೂತು ಹೋದವು. ಆಮೇಲೆ ಸುಮಾರು 800 ಕಿಲೋಮೀಟರ್ ಎತ್ತರದ ಕಕ್ಷೆಗಳಿಗೆ ಚದುರಿದವು.

ಅಲ್ಲಿಂದ ನೋಡಿದರೆ, 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹ ಭೂಮಿಯ ಅಂಚಿನಲ್ಲಿ ಮೆಲ್ಲಗೆ ಮುಳುಗುತ್ತಿರುತ್ತದೆ. ಅದು ಇಳಿದಂತೆ ಎರಡೂ ಉಪಗ್ರಹಗಳ ನಡುವಿನ ಗೆರೆಯೂ ಅಯಾನುಗೋಳವನ್ನು ಸೀಳುತ್ತ ಇಳಿಯುತ್ತದೆ. ಮೇಲಿನ ಪದರದ ಪಾಲು ಕಳೆದು ಅದರ ಕೆಳಗಿನದು, ಅದನ್ನೂ ಕಳೆದು ಇನ್ನೂ ಕೆಳಗಿನದು, ಹೀಗೆ ಲೆಕ್ಕ ಸಾಗುತ್ತದೆ. ಈ ಗಣಿತ ನಾರ್ವೆಯ ಗಣಿತಜ್ಞ ಆಬೆಲ್‌ನದು. 1820ರ ದಶಕದಲ್ಲಿ ಅವನು ಬಿಡಿಸಿದ್ದು ಬಾಗಿದ ದಾರಿಯಲ್ಲಿ ಜಾರಿ ಬೀಳುವ ವಸ್ತುವಿನ ಸಮಸ್ಯೆ. ಇಪ್ಪತ್ತಾರಕ್ಕೇ ತೀರಿಕೊಂಡ ಆ ಹುಡುಗನ ಸಮೀಕರಣ ಆಕಾಶದಲ್ಲಿ ಕೆಲಸಕ್ಕೆ ಬಂದದ್ದು ನೆನೆದಾಗೆಲ್ಲ ಮನಸ್ಸು ತುಂಬಿ ಬರುತ್ತದೆ.

ಲೆಕ್ಕ ಎಡವುವುದು ನಮ್ಮ ನೆತ್ತಿಯ ಮೇಲೆಯೇ. ಪ್ರತಿ ಪದರ ಸುತ್ತಲೂ ಒಂದೇ ಸಮ ಇದೆಯೆಂದು ಅದು ನಂಬುತ್ತದೆ. ಕಾಂತೀಯ ಸಮಭಾಜಕದ ಬಳಿ ಹಾಗಿಲ್ಲ. ಹಗಲಲ್ಲಿ ಎಲೆಕ್ಟ್ರಾನುಗಳು ಅಲ್ಲಿ ಕಾರಂಜಿಯಂತೆ ಮೇಲೆದ್ದು, ಎರಡೂ ಬದಿಗೆ ಸುಮಾರು 15 ಡಿಗ್ರಿ ಆಚೆ ಸುರಿಯುತ್ತವೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಆಸುಪಾಸಿನಲ್ಲಿ ಹಾಯುವುದರಿಂದಲೇ 1963ರಲ್ಲಿ ಕೇರಳದ ತುಂಬಾದಿಂದ ರಾಕೆಟ್ ಹಾರಿಸಿದ್ದು. ಕರ್ನಾಟಕ ಇರುವುದು ಆ ಕಾರಂಜಿಯ ಇಳಿಜಾರಿನಲ್ಲಿ. ತೆಂಕಣದಿಂದ ಬಡಗಣಕ್ಕೆ ಹೋದಂತೆ ಎಲೆಕ್ಟ್ರಾನುಗಳ ಸಾಂದ್ರತೆ ಬೇಗ ಬದಲಾಗುತ್ತದೆ. ಹಾಗಾಗಿ ನೆಲದ ಅಳತೆಗಳನ್ನೂ ಜೊತೆಗಿಟ್ಟುಕೊಂಡೇ ಲೆಕ್ಕ ತಿದ್ದಬೇಕು.

2019ರ ಜೂನ್‌ನಲ್ಲಿ ಹಾರಿದ ಆರು ಉಪಗ್ರಹಗಳ ಇನ್ನೊಂದು ತಂಡದ ಕಕ್ಷೆ ಸಮಭಾಜಕಕ್ಕೆ ಬರೀ 24 ಡಿಗ್ರಿ ವಾಲಿದೆ. ಅವು ಉಷ್ಣವಲಯ ಬಿಟ್ಟು ಕದಲುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಇಲ್ಲಿನ ಅಯಾನುಗೋಳದಲ್ಲಿ ಏಳುವ ಗುಳ್ಳೆಗಳನ್ನು, ಅವು ಜಿಪಿಎಸ್ ಸಂಕೇತವನ್ನು ಮಿಣುಕಿಸುವ ಪರಿಯನ್ನು ಈ ಉಪಗ್ರಹಗಳು ಗಮನಿಸುತ್ತಿವೆ.