ಎಚ್ ಇಡೋಣವೋ, ಎಕ್ಸ್ ಇಡೋಣವೋ?

"ಕಥೆ ಬೇಡ, ಕವನವಂತೂ ಬೇಡವೇ ಬೇಡ, ನಿನಗೆ ಗೊತ್ತಿರೋದನ್ನ ಬರಿ" ಎಂದರು ಸಂಪಾದಕರು. ಬಿ.ಕಾಂ. ಓದುವವನಿಗೆ ಗೊತ್ತಿರುವುದು ಡೆಬಿಟ್ಟು, ಕ್ರೆಡಿಟ್ಟು. ಅದನ್ನು ಯಾರು ಓದ್ತಾರೆ? ಹಾಗಾಗಿ ರಜೆಯಲ್ಲಿ ಕುರ್ಲಾದ ನಮ್ಮ ಮಾವನ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮಾವನದು ಸೈಲೆನ್ಸರ್ ಮತ್ತು ವೆಲ್ಡಿಂಗ್ ಕೆಲಸ. ಅವರ ಬಳಿಗೆ 1966ರ ಒಂದು ಶೆವರ್ಲೆ ಇಂಪಾಲಾ ಬಂತು. ಹಡಗಿನಂಥ ಕಾರು. ಅದರೊಳಗೆ 283 ಘನ ಇಂಚಿನ ವಿ-8 ಎಂಜಿನ್. ನಮ್ಮ ಲೆಕ್ಕದಲ್ಲಿ ಸುಮಾರು 4.6 ಲೀಟರ್, ಅಂದರೆ ಐದಾರು ಮಾರುತಿ 800ಗಳ ಎಂಜಿನ್ನುಗಳನ್ನು ಒಟ್ಟು ಸೇರಿಸಿದಷ್ಟು. ಕಂಪನಿಯಿಂದ ಬರುವಾಗ ಇದಕ್ಕೆ ಹೊಗೆ ಹೋಗಲು ಒಂದೇ ಪೈಪ್ ಇತ್ತು. ಯಜಮಾನರಿಗೆ ಎರಡು ಬೇಕಿತ್ತು, ಎಡಕ್ಕೊಂದು, ಬಲಕ್ಕೊಂದು. ಜೊತೆಗೆ ಆ ಎರಡರ ನಡುವೆ ಒಂದು ಎಕ್ಸ್ ಪೈಪ್! ಎಲ್ಲೋ ಕೇಳಿ ಬಂದಿದ್ದರು.

"ಅದೆಂಥದು ಮಾರಾಯ? ನೀನು ಕಾಲೇಜಿಗೆ ಹೋಗ್ತೀಯಲ್ಲ, ಓದಿ ಹೇಳು" ಎಂದು ಮಾವ ಒಂದಷ್ಟು ಇಂಗ್ಲಿಷ್ ಕಾಗದಗಳನ್ನು ನನ್ನ ಮುಂದೆ ಹಾಕಿದರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನಾನು ಡಿಕ್ಷನರಿ ಹಿಡಿದು ಕೂತೆ. 'ಕ್ರಾಸ್‌ಓವರ್' ಎಂಬುದಕ್ಕೆ ಕೊನೆಗೆ ನಾನೇ 'ಅಡ್ಡಪೈಪು' ಅಂತ ಹೆಸರಿಟ್ಟೆ. ಮಾವ ಆಗಲೇ ಮುಂಗಡ ತಗೊಂಡಿದ್ದರು. ಪೈಪು ಒಮ್ಮೆ ಕತ್ತರಿಸಿದರೆ ಮುಗೀತು, ತಪ್ಪಾದರೆ ನಷ್ಟ ಅವರದೇ. ಹಾಗಾಗಿ ಪರೀಕ್ಷೆಗೂ ಓದದಷ್ಟು ಶ್ರದ್ಧೆಯಿಂದ ಓದಿದೆ.

ಅಡ್ಡಪೈಪು ಯಾಕೆ ಬೇಕು ಅಂತ ತಿಳಿಯಬೇಕಾದರೆ ಮೊದಲು ಎಂಜಿನ್ನಿನ ತಾಳ ತಿಳಿಯಬೇಕು. ವಿ-8ರಲ್ಲಿ ನಾಲ್ಕು ಸಿಲಿಂಡರ್ ಎಡಸಾಲಿನಲ್ಲಿ, ನಾಲ್ಕು ಬಲಸಾಲಿನಲ್ಲಿ. ಈ ಶೆವರ್ಲೆಯಲ್ಲಿ 1, 3, 5, 7 ಎಡಕ್ಕೆ. 2, 4, 6, 8 ಬಲಕ್ಕೆ. ಅವು ಉರಿಯುವ ಕ್ರಮ 1-8-4-3-6-5-7-2. ಇಷ್ಟು ಓದಿ ಪುಟ ತಿರುಗಿಸಬೇಡಿ! ಲೆಕ್ಚರ್ ನಡೆಯುವಾಗ ಬೆಂಚಿನ ಮೇಲೆ ಮೆಲ್ಲಗೆ ಎರಡೂ ಕೈಯಿಂದ ಬಡಿದು ನೋಡಿ: ಎಡ, ಬಲ, ಬಲ, ಎಡ, ಬಲ, ಎಡ, ಎಡ, ಬಲ. ಎರಡೂ ಕೈ ಸೇರಿದರೆ ಎಂಟು ಪೆಟ್ಟುಗಳೂ ಸಮ ಅಂತರದಲ್ಲಿ ಬೀಳುತ್ತವೆ. ಈಗ ಎಡಗೈಯನ್ನು ಮಾತ್ರ ಕೇಳಿ. ಮೊದಲ ಪೆಟ್ಟಿನ ಮೇಲೆ ಉದ್ದದ ಬಿಡುವು, ಆಮೇಲೆ ಸ್ವಲ್ಪ ಕಡಿಮೆ, ಆಮೇಲೆ ಬೆನ್ನಿಗೆ ಬೆನ್ನು ಎರಡು ಪೆಟ್ಟು. ಕ್ರ್ಯಾಂಕ್ ಶಾಫ್ಟಿನ ತಿರುವಿನಲ್ಲಿ ಹೇಳಿದರೆ 270, 180, 90, 180 ಡಿಗ್ರಿ. ಬಲಗೈಯದೂ ಇದೇ ಕುಂಟುತಾಳ. ಅಮೆರಿಕದ ಹಳೇ ಕಾರುಗಳು ನಿಂತಲ್ಲೇ 'ಗುಡು ಗುಡು' ಅನ್ನೋದು ಇದರಿಂದಲೇ. ಫೆರಾರಿಯ ವಿ-8ರಲ್ಲಿ ಕ್ರ್ಯಾಂಕಿನ ರಚನೆ ಬೇರೆ. ಎಡ-ಬಲ-ಎಡ-ಬಲ ಸರಿಯಾಗಿ ಬೀಳುತ್ತದೆ, ಆದ್ದರಿಂದ ಅದು ಗುಡುಗೋದಿಲ್ಲ, ಕಿರುಚುತ್ತೆ.

ಒಂದೇ ಪೈಪಿದ್ದಾಗ ಎರಡು ಸಾಲಿನ ಹೊಗೆಯೂ ಅದರಲ್ಲೇ ಕೂಡುತ್ತಿತ್ತು. ಎರಡು ಪೈಪು ಮಾಡಿದ ಮೇಲೆ ನಡುವೆ ಗೋಡೆ ಎದ್ದ ಹಾಗಾಯಿತು. ಎಡಗಡೆ ಎರಡು ಪೆಟ್ಟು ಒಟ್ಟೊಟ್ಟಿಗೆ ಬಂದು ಪೈಪಿನಲ್ಲಿ ನೂಕುನುಗ್ಗಲು. ಅದೇ ಹೊತ್ತಿಗೆ ಬಲಗಡೆ ಪೈಪು ಖಾಲಿ. ದಾದರ್ ಸ್ಟೇಷನ್ನನ್ನು ನೆನಪು ಮಾಡಿಕೊಳ್ಳಿ. ಒಂದು ಪ್ಲಾಟ್‌ಫಾರ್ಮಿಗೆ ಎರಡು ಲೋಕಲ್ ಒಂದರ ಹಿಂದೊಂದು ಬಂದರೆ ಜನ ಎಲ್ಲಿ ಹೋಗಬೇಕು? ಸೇತುವೆ ಇದ್ದರೆ ಸ್ವಲ್ಪ ಜನ ಆಚೆಗೆ ಹೋಗುತ್ತಾರೆ. ಆ ಸೇತುವೆಯೇ ಎಚ್ ಪೈಪ್: ಎರಡು ಉದ್ದ ಪೈಪುಗಳ ನಡುವೆ ಒಂದು ಅಡ್ಡ ತುಂಡು. ಹೊಗೆಯೆಲ್ಲ ಅದರಲ್ಲಿ ಹಾಯುವುದಿಲ್ಲ, ಒತ್ತಡ ಮಾತ್ರ ಆಚೀಚೆ ಹಂಚಿಕೊಳ್ಳುತ್ತದೆ. ಗುಡುಗುಡು ಉಳಿಯುತ್ತದೆ, ಅದರ ಒರಟುತನ ಕಡಿಮೆಯಾಗುತ್ತದೆ.

ಎಕ್ಸ್ ಪೈಪಿನಲ್ಲಿ ಎರಡೂ ಪೈಪುಗಳು ಬಾಗಿ ಬಂದು, ಒಂದಕ್ಕೊಂದು ತಾಗಿ, ತಾಗಿದ ಕಡೆ ಗೋಡೆ ತೆರೆದು ಒಂದಾಗಿ, ಮತ್ತೆ ಬೇರೆಯಾಗುತ್ತವೆ. (ಸ್ಟೆನ್ಸಿಲ್ ಮೇಲೆ ಚಿತ್ರ ಕೊರೆಯಲು ನನಗೆ ಬಾರದು, ಅಂಗೈ ಮೇಲೆ ಬರೆದು ನೋಡಿಕೊಳ್ಳಿ.) ಇಲ್ಲಿ ಪ್ರತಿ ಪೆಟ್ಟೂ ಎರಡು ಕಡೆಗೂ ಹಂಚಿಹೋಗುತ್ತದೆ. ಕುಂಟುತಾಳ ನೇರವಾಗುತ್ತದೆ, ಸದ್ದು ನಯವಾಗಿ, ಸ್ವಲ್ಪ ಮೇಲಿನ ಸ್ಥಾಯಿಗೆ ಏರುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಶಕ್ತಿಯೂ ಒಂದಿಷ್ಟು ಹೆಚ್ಚುತ್ತದೆ. ಆದರೆ ಆ ಲಾಭ ಸಣ್ಣದು. ಸಿಗುವುದೂ ಮೇಲಿನ ವೇಗದಲ್ಲಿ. ಸಯನ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ನಿಮಿಷಕ್ಕೆ 5000 ಸುತ್ತು ತಿರುಗಿಸುವ ಪುಣ್ಯಾತ್ಮ ಯಾರು?

ಇನ್ನೊಂದು ತೊಂದರೆಯಿದೆ. ಎಕ್ಸ್ ಕೂರಬೇಕಾದದ್ದು ಕಾರಿನ ನಟ್ಟನಡುವೆ, ಗಿಯರ್‌ಬಾಕ್ಸ್ ಇರುವ ಕಡೆ. ಅದನ್ನು ಹೊತ್ತ ಅಡ್ಡಪಟ್ಟಿಯೂ ಅಲ್ಲೇ. ಜಾಗ ಸಾಲದೆ ಕೆಳಗಿಳಿಸಿದರೆ ನಮ್ಮ ಸ್ಪೀಡ್‌ಬ್ರೇಕರುಗಳು ಬಿಡುತ್ತವೆಯೇ? ನಾಳೆ ಗಿಯರ್‌ಬಾಕ್ಸ್ ಇಳಿಸಬೇಕಾದರೆ ಮೊದಲು ಇಡೀ ಎಕ್ಸ್ ಬಿಚ್ಚಬೇಕು. ಎಚ್ ಆದರೆ ಒಂದೇ ತುಂಡು, ಎರಡು ಕಡೆ ಫ್ಲಾಂಜ್ ಕೊಟ್ಟು ಬೋಲ್ಟ್ ಹಾಕಿದರೆ ಸಾಕು. ಇದನ್ನೆಲ್ಲ ಕಾರಿನ ಕೆಳಗೆ ಟಾರ್ಚ್ ಹಿಡಿದು ಯಜಮಾನರಿಗೆ ತೋರಿಸಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಗುಡುಗುಡು ಹೋಗಬಾರದು, ಅದಿಲ್ಲದಿದ್ದರೆ ಈ ಕಾರು ಯಾಕೆ?" ಅಂದರು. ಹಾಗಾದರೆ ಎಚ್ಚೇ ಸರಿ ಎಂದಾಯಿತು. ಪೈಪಿನ ಗಾತ್ರ 2 ಇಂಚು. ಈ ಎಂಜಿನ್ನಿಗೆ 2¼ರ ಮೇಲೆ ಹೋಗುವ ಅಗತ್ಯವೇ ಇಲ್ಲ. ದಪ್ಪ ಪೈಪೇ ಒಳ್ಳೆಯದು ಅನ್ನೋದು ತಪ್ಪು, ಹೊಗೆಯ ಓಟ ನಿಧಾನವಾಗುತ್ತದೆ. ಅಡ್ಡ ತುಂಡೂ ಅದೇ 2 ಇಂಚಿನದು.

ತಪ್ಪಾದದ್ದು ಜಾಗದಲ್ಲಿ. ಕಾಗದಗಳಲ್ಲಿ ಹಳೇ ರೇಸಿನವರ ಒಂದು ಉಪಾಯ ಇತ್ತು: ಪೈಪುಗಳ ಉದ್ದಕ್ಕೆ ಸಾದಾ ಬಣ್ಣದ ಗೆರೆ ಎಳೆದು ಎಂಜಿನ್ ಓಡಿಸಬೇಕು, ಬಣ್ಣ ಎಲ್ಲಿ ಹೆಚ್ಚು ಸುಡುತ್ತದೋ ಅಲ್ಲಿ ಅಡ್ಡಪೈಪು ಇಡಬೇಕು. ನಾನು ಓದಿ ಹೇಳಿದೆ. "ಮೂವತ್ತು ವರ್ಷದಿಂದ ಪೈಪ್ ಸುಡ್ತಾ ಇದ್ದೇನೆ, ನನಗೆ ಬಣ್ಣ ಬೇಕಾ?" ಎಂದ ಮಾವ ಕೈಗೆ ಸಲೀಸಾದ ಕಡೆ, ಗಿಯರ್‌ಬಾಕ್ಸಿನಿಂದ ಬಹಳ ಹಿಂದೆ, ಬೆಸೆದುಬಿಟ್ಟರು. ಟ್ರಯಲ್ ಹೋದೆವು. 2000 ಸುತ್ತಿನ ಹತ್ತಿರ ಬಂದದ್ದೇ ತಡ, ಕಾರಿನೊಳಗೆ ಒಂದು ಗುಂಯ್ ಶುರು. ಜೇನುಗೂಡಿನಲ್ಲಿ ತಲೆ ಇಟ್ಟ ಹಾಗೆ. ಆ ವೇಗದಲ್ಲಿ ಸೆಕೆಂಡಿಗೆ 133 ಪೆಟ್ಟು, ಒಂದೊಂದು ಪೈಪಿಗೆ ಸುಮಾರು 67. ಯಜಮಾನರು ಹಿಂದಿನ ಸೀಟಿನಲ್ಲಿ ಹಣೆ ಒತ್ತಿಕೊಂಡು ಕೂತಿದ್ದರು. ಮಾವ ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಾವ ಅಡ್ಡ ತುಂಡನ್ನು ಕಿತ್ತು, ತೂತು ಮುಚ್ಚಿ, ಅಂಗಡಿಯಿಂದ ಬಣ್ಣದ ಡಬ್ಬಿ ತಂದಿದ್ದರು. ಬಣ್ಣ ಸುಟ್ಟದ್ದು ಹಿಂದಿನ ಜಾಗಕ್ಕಿಂತ ಒಂದೂವರೆ ಅಡಿ ಮುಂದೆ. ಅಡ್ಡಪಟ್ಟಿ ತಪ್ಪಿಸಲು ಮೂರು ಇಂಚು ಬಿಟ್ಟುಕೊಡಬೇಕಾಯಿತು. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಮಾತಾಡಿದರೆ ಕೇಳಿಸುವಷ್ಟಾಯಿತು. ನಿಂತಾಗ ಗುಡುಗುಡು ಹಾಗೇ ಇದೆ.

ಬಿಲ್ಲು ಬರೆದವನು ನಾನೇ. ಎರಡನೇ ಸಲದ ಪೈಪು, ವೆಲ್ಡಿಂಗ್ ರಾಡು ಎಲ್ಲ ಮಾವನ ಖರ್ಚಿಗೆ ಹೋಯಿತು. ಬಣ್ಣದ ಡಬ್ಬಿಯನ್ನು ಮಾತ್ರ ಯಜಮಾನರ ಹೆಸರಿಗೆ ಹಾಕಿದೆ. ಕಿತ್ತ ಹಳೇ ತುಂಡು ಮೂಲೆಯಲ್ಲಿ ನಿಂತಿದೆ. ಮಾವ ಅದರ ಮೇಲೆ ಚಹಾದ ಗ್ಲಾಸು ಇಡುತ್ತಾರೆ.