ಮಾರತಕ್ಕ ಮನೆಯನ್ನು ಸಿದ್ಧಗೊಳಿಸುವುದು

ಮನೆಯನ್ನು ಮಾರುವ ಪ್ರಸಂಗವು ಗೃಹಸ್ಥನಿಗೆ ಸಾಮಾನ್ಯವಾಗಿ ಸಂತೋಷದಿಂದ ಬರತಕ್ಕುದಲ್ಲ. ಮಗಳ ಮದುವೆ, ಅಣ್ಣತಮ್ಮಂದಿರ ಪಾಲು, ಇಲ್ಲವೆ ನೌಕರಿಯ ನಿಮಿತ್ತ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ನೆಲೆನಿಂತ ಮಕ್ಕಳ ಕರೆ, ಹೀಗೆ ಏನಾದರೊಂದು ಕಾರಣವಿದ್ದೇ ಇರುವುದು. ಅಂಥ ಸಮಯದಲ್ಲಿ ಯೋಗ್ಯವಾದ ಬೆಲೆ ಬರಲೆಂದು ಬಯಸುವುದು ತಪ್ಪಲ್ಲ. ಆದರೆ ಅದಕ್ಕಾಗಿ ಮನೆಯನ್ನು ಸಿದ್ಧಗೊಳಿಸುವುದು ಬೇರೆ, ಕೊಳ್ಳುವವನ ಕಣ್ಣಿಗೆ ಮಣ್ಣೆರಚುವುದು ಬೇರೆ.

ಅಮೆರಿಕ ದೇಶದಲ್ಲಿ ಇದೊಂದು ವೃತ್ತಿಯೇ ಆಗಿದೆ. 1970ರ ದಶಕದಲ್ಲಿ ಬಾರ್ಬ್ ಶ್ವಾರ್ಟ್ಸ್ ಎಂಬ ಮಹಿಳೆಯು ಮಾರಾಟದ ಮನೆಗಳನ್ನು ಸಜ್ಜುಗೊಳಿಸುವ ಕೆಲಸಕ್ಕೆ ನಾಟಕರಂಗದ ಮಾತನ್ನೇ ತೆಗೆದುಕೊಂಡು ‘ಸ್ಟೇಜಿಂಗ್’ ಎಂದು ಹೆಸರಿಟ್ಟರು. ಬಾಡಿಗೆಯ ಕುರ್ಚಿ ಮೇಜುಗಳನ್ನು ಹೂಡಿ, ಮನೆಯವರ ಭಾವಚಿತ್ರಗಳನ್ನು ತೆಗೆದಿಟ್ಟು, ಬಂದವನು ಅಲ್ಲಿ ತನ್ನ ಸಂಸಾರವನ್ನೇ ಕಲ್ಪಿಸಿಕೊಳ್ಳುವಂತೆ ಮಾಡುವುದು ಅದರ ಮರ್ಮ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ಕೂಡಿ 1997ರಲ್ಲಿ ಜಿಲ್ಲೆಯಾದ ನಮ್ಮ ಸೀಮೆಯಲ್ಲಿ ಈ ಉಪಾಯವು ಅಷ್ಟಾಗಿ ಸಲ್ಲದು. ಇಲ್ಲಿ ಮನೆ ನೋಡಲು ಯಾರೂ ಒಬ್ಬರೇ ಬರುವುದಿಲ್ಲ. ಸಂಗಡ ಬಂದ ಗೌಂಡಿಯು ಮೇಲೆ ನೋಡುವನು. ಹೆಣ್ಣುಮಕ್ಕಳು ಅಡಿಗೆಮನೆಯನ್ನೂ ನೀರಿನ ಅನುಕೂಲವನ್ನೂ ನೋಡುವರು. ಹಿರಿಯರು ತಲೆಬಾಗಿಲು ಯಾವ ದಿಕ್ಕಿಗಿದೆಯೆಂದು ವಿಚಾರಿಸುವರು. ಕುರ್ಚಿಯನ್ನು ಯಾರೂ ನೋಡರು.

ಆದುದರಿಂದ ಮೊದಲು ಮಾಳಿಗೆಯ ಮಾತು. ಯಲಬುರ್ಗಾ, ಕುಷ್ಟಗಿ ಕಡೆಯ ಹಳೆಯ ಮನೆಗಳಲ್ಲಿ ಮಣ್ಣಿನ ಮಾಳಿಗೆಯವು ಬಹಳ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಇದರ ಮೇಲೆ ಸವಳು ಮಣ್ಣನ್ನು ಹರವುವುದು ರೂಢಿ. ಅದು ನೀರು ತಾಕಿದೊಡನೆ ಕದಡಿ, ಸಂದುಗಳಲ್ಲಿ ಕುಳಿತು, ನೀರು ಕೆಳಗಿಳಿಯದಂತೆ ತಡೆಯುವುದು. ಈ ಕೆಲಸವು ಕೆಲವು ವರುಷ ತಪ್ಪಿತೆಂದರೆ ಮಾಳಿಗೆ ಸೋರಿ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮೆತ್ತಗಾಗಿ, ಗೆದ್ದಲಿಗೆ ಆಹಾರವಾಗುವುದು. ಮಾರುವವರಲ್ಲಿ ಅನೇಕರು ಗೋಡೆಗೆ ಬಣ್ಣ ಹಚ್ಚಿಸಿ ಮಾಳಿಗೆಯನ್ನು ಹಾಗೆಯೇ ಬಿಡುವರು. ಹೊಸ ಬಣ್ಣದ ವಾಸನೆ ಮೂಗಿಗೆ ಬಡಿದೊಡನೆ ಗೌಂಡಿಗೆ ಅನುಮಾನ ಹುಟ್ಟುವುದು. ಕೋಲಿನಿಂದ ತೊಲೆಯನ್ನು ತಟ್ಟುವನು. ಪೊಳ್ಳು ಸದ್ದು ಬಂದಿತೋ, ಬಣ್ಣಕ್ಕೆ ಸುರಿದ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ ಸರಿ. ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದನ್ನು ಮಾಳಿಗೆಗೂ ಕೆಟ್ಟ ಜಂತಿಗೂ ಹಾಕತಕ್ಕದ್ದು. ಮಣ್ಣಿನ ಗೋಡೆಗೆ ಸುಣ್ಣವೇ ಲೇಸು. ಎಣ್ಣೆಬಣ್ಣ ಬಳಿದರೆ ಒಳಗಿನ ತೇವವು ಹೊರಬರಲಾರದೆ, ಬಣ್ಣವು ಹಪ್ಪಳದಂತೆ ಉಬ್ಬಿ ಏಳುವುದು.

ಇಂಥ ದಪ್ಪಗೋಡೆಯ ಮನೆಗಳಲ್ಲಿ ಬೇಸಗೆಯ ತಂಪು ಹೇಗೆ ಗುಣವೋ ಹಾಗೆಯೇ ನಡುಮನೆಯ ಕತ್ತಲೆಯು ದೋಷ. ಬೆಳಕಿಂಡಿಯ ಗಾಜನ್ನು ತೊಳೆಯಿಸಿ, ಕಿಟಕಿಗೆ ಅಡ್ಡವಾಗಿ ಒಟ್ಟಿದ ಜೋಳದ ಚೀಲಗಳನ್ನು ತೆಗೆಯಿಸಿ, ಮನೆಯನ್ನು ಬೆಳಗಿನ ಹೊತ್ತು ತೋರಿಸಿರಿ. ಇದಕ್ಕೆ ಖರ್ಚೇನೂ ಇಲ್ಲ. ಲಾಭ ಮಾತ್ರ ಕಣ್ಣಿಗೆ ಕಾಣುವುದು.

ಗಂಗಾವತಿಯ ಕಡೆ ತೊಂದರೆಯು ಮೇಲಿನಿಂದಲ್ಲ, ಕೆಳಗಿನಿಂದ ಬರುವುದು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆ ಹರಿದ ತರುವಾಯ ಎರೆಹೊಲಗಳು ಭತ್ತದ ಗದ್ದೆಗಳಾದುವು. ಸಂಪತ್ತು ಬಂದಿತು, ಅದರ ಬೆನ್ನಿಗೆ ನೆಲದಲ್ಲಿ ನೀರೂ ಉಪ್ಪೂ ಮೇಲೇರಿದುವು. ಅಲ್ಲಲ್ಲಿ ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಿಳಿಯ ಹಿಟ್ಟಿನಂತೆ ಉದುರುವುದು ಅದೇ ಉಪ್ಪು. ಎರೆಮಣ್ಣಾದರೋ ನೀರುಂಡು ಹಿಗ್ಗುವುದು, ಬಿಸಿಲಿಗೆ ಕುಗ್ಗುವುದು. ಆ ಎಳೆದಾಟದಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುವುದು. ಸಿಮೆಂಟು ಮೆತ್ತಿ ಮುಚ್ಚಿದರೆ ಬರುವ ಬೇಸಗೆಗೆ ಅದು ಮತ್ತೆ ಬಾಯ್ದೆರೆಯುವುದು. ಬಿರುಕು ಎಷ್ಟು ವರುಷದ್ದು, ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದನ್ನು ಹೇಳಿಬಿಡುವುದೇ ಮೇಲು.

ನೀರಿನ ವಿಷಯದಲ್ಲಿಯೂ ಹೀಗೆಯೇ. ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಹಿತ್ತಿಲಲ್ಲಿ ಬಾವಿಯಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ ಚೀಟಿಯನ್ನು ಕೈಯಲ್ಲಿಟ್ಟುಕೊಂಡಿರಿ. ಕೊಳ್ಳುವವರ ಮನೆಯಲ್ಲಿ ಚಿಕ್ಕ ಮಕ್ಕಳಿರುವರಷ್ಟೆ.

ಇನ್ನು ಹಗೇವು. ಹಿಂದಿನವರು ಜೋಳ ತುಂಬಿದ ನೆಲದೊಳಗಿನ ಈ ಕಣಜಗಳನ್ನು ಎಷ್ಟೋ ಮನೆಗಳಲ್ಲಿ ಬಾಯಿಗೆ ಚಪ್ಪಡಿ ಎಳೆದು, ಮೇಲೆ ಫರಸಿ ಹಾಸಿ ಮರೆತಿರುವರು. ಹೊಸಬನು ಅದರ ಮೇಲೆ ಭಾರದ ಗೋಡೆಯನ್ನೆಬ್ಬಿಸಿದರೆ ಗತಿಯೇನು? 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 55ನೆಯ ಕಲಮಿನಂತೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವನಿಗೆ ಕಾಣಿಸದ, ಮಾರುವವನಿಗೆ ಮಾತ್ರ ತಿಳಿದಿರುವ ಮುಖ್ಯ ದೋಷವನ್ನು ಮೊದಲೇ ತಿಳಿಸತಕ್ಕದ್ದು; ಮರೆಮಾಚಿದರೆ ಅದು ವಂಚನೆಯೆನಿಸುವುದು. ಹಗೇವನ್ನು ತೆರೆದು, ಗರಸು ತುಂಬಿಸಿ ಧಮ್ಮಸ್ಸು ಮಾಡಿಸುವುದು ದೊಡ್ಡ ಕೆಲಸವೇನಲ್ಲ.

ಕಾಗದಪತ್ರಗಳನ್ನೂ ಮನೆಯಂತೆಯೇ ಗುಡಿಸಿ ಸಾರಿಸಿ ಇಡಬೇಕು. ಋಣಭಾರ ಪತ್ರ, ತೆರಿಗೆಯ ರಸೀದಿ, ಹಳ್ಳಿಯ ಮನೆಯಾದರೆ ಪಂಚಾಯತಿಯ ಇ-ಸ್ವತ್ತು ನಮೂನೆ, ಇವು ಮೊದಲ ಭೇಟಿಯಲ್ಲಿಯೇ ಸಿಕ್ಕರೆ ಮಾತು ಬೇಗ ಕುದುರುವುದು. ಪಿತ್ರಾರ್ಜಿತ ಮನೆಯಲ್ಲಿ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅಕ್ಕತಂಗಿಯರನ್ನು ಗಿರಾಕಿ ಬರುವ ಮುನ್ನವೇ ತವರಿಗೆ ಕರೆಯಿಸಿ, ಉಣಬಡಿಸಿ, ಮನಸ್ಸನ್ನು ಕೇಳಿಕೊಳ್ಳಿರಿ. ಸಂಚಕಾರ ಇಸಿದುಕೊಂಡ ಮೇಲೆ ಕೇಳಹೋದರೆ ಅವರ ಸಿಟ್ಟು ನ್ಯಾಯವಾದುದೇ ಆಗಿರುವುದು.