ಮೊಬೈಲಿಗೂ ವಾರಸಾ

ಹಿಂದಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಬಾಯಿ ಮುಚ್ಚಿ ಮಣ್ಣೆಳೆದ ಮೇಲೆ ಮನೆಯವರಿಗಲ್ಲದೆ ಅನ್ಯರಿಗೆ ಅದರ ಸುಳಿವು ಹತ್ತುತ್ತಿರಲಿಲ್ಲ. ಇಂದಿನ ಹಗೇವು ಯಜಮಾನರ ಕಿಸೆಯೊಳಗಿನ ಮೊಬೈಲು. ಇದರ ಬಾಯಿ ಎಲ್ಲಿರುವದೆಂಬುದು ಮನೆಯವರಿಗೂ ತಿಳಿಯದು!

ಬೆಳೆವಿಮೆಯ ಸುದ್ದಿ, ಬ್ಯಾಂಕಿನ ಓಟಿಪಿ, ಎಲ್ಲವೂ ಬರುವದು ಒಂದೇ ನಂಬರಿಗೆ. ಆದಕಾರಣ ಹಿರಿಯರು ತೀರಿಕೊಂಡೊಡನೆ ‘ಇನ್ನೇತಕ್ಕೆ’ ಎಂದು ಅದನ್ನು ಕಡೆಗಣಿಸಲಾಗದು. 90 ದಿವಸ ಬಳಕೆಯಿಲ್ಲದೆ, 20 ರೂಪಾಯಿಯ ಶಿಲ್ಕೂ ಇಲ್ಲದೆ ಉಳಿದ ನಂಬರನ್ನು ಕಂಪನಿಯವರು ಮುಚ್ಚಬಹುದು. ಮುಂದೆ ಅದು ಪರರ ಪಾಲಾಗುವದು. ಹೊಲಕ್ಕೆ ವಾರಸಾ ಹಚ್ಚಿಸಿ ಉತಾರದಲ್ಲಿ ಹೆಸರು ತರುವ ನಮ್ಮ ಜನರು, ಮರಣದ ದಾಖಲೆ ಕೊಟ್ಟು ನಂಬರನ್ನೂ ವಾರಸುದಾರರ ಹೆಸರಿಗೆ ಮಾಡಿಸಬಹುದೆಂಬುದನ್ನು ಅರಿತಿರುವದು ವಿರಳ.

ಹಾಗೆಂದು ಮೃತರ ಗುಪ್ತ ಅಂಕಿಯಿಂದ ಹಣ ತೆಗೆಯುವದು ಸರಿಯಲ್ಲ. ಬ್ಯಾಂಕಿಗೆ ತಿಳಿಸುವದೇ ನೇರವಾದ ದಾರಿ. 2025ರ ನವೆಂಬರ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರ ವರೆಗೆ ನಾಮಿನಿಗಳನ್ನು ಹೆಸರಿಸಲು ಬರುವದು. ನಾಮಿನಿಯು ಹಣವನ್ನು ಇಸಿದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ. ಇದನ್ನು ತಿಳಿಯದೆ ಎಷ್ಟು ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿರುವರೋ!

ಹಣದ ಮಾತು ಹೇಗೂ ಒಂದು ದಿನ ಬಗೆಹರಿದೀತು. ದುಡಿಯಲು ಬೆಂಗಳೂರಿಗೆ ಹೋದ ಮಗನು ಅಕಸ್ಮಾತ್ತಾಗಿ ತೀರಿಹೋದರೆ, ಕುಂದಗೋಳದ ಕಡೆಯ ತಾಯಿಯ ಕೈಗೆ ಬರುವದು ಬೀಗ ಬಿದ್ದ ಫೋನು. ಅವನ ಭಾವಚಿತ್ರಗಳು, ಅವನ ದನಿ, ಎಲ್ಲವೂ ಅದರೊಳಗೇ ಇರುವವು. ಆಕೆಗೆ ಒಂದೂ ದೊರೆಯದು. ಇದಕ್ಕೆಂದೇ ಗೂಗಲ್ ಸಂಸ್ಥೆಯು 2013ರಲ್ಲಿ ಒಂದು ಏರ್ಪಾಡು ಮಾಡಿತು. ನಾವು ಗೊತ್ತುಮಾಡಿದಂತೆ 3ರಿಂದ 18 ತಿಂಗಳ ವರೆಗೆ ಖಾತೆಯು ನಿಶ್ಚಲವಾಗಿದ್ದರೆ, ಮೊದಲೇ ಹೆಸರಿಸಿದ ಹತ್ತು ಜನರ ವರೆಗೆ ಸುದ್ದಿ ಮುಟ್ಟಿಸಿ, ನಾವು ಒಪ್ಪಿದ ಚಿತ್ರಪತ್ರಗಳನ್ನು ಅವರಿಗೆ ಒಪ್ಪಿಸುವದು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಅಳಿಸಿಬಿಡಬಹುದೆಂಬ ನಿಯಮವನ್ನೂ ಅದೇ ಸಂಸ್ಥೆ 2023ರಲ್ಲಿ ಸಾರಿತು. ಆಪಲ್ ಫೋನಿನಲ್ಲಿ 2021ರಿಂದ ಇಂಥದೇ ಅನುಕೂಲವುಂಟು. ಫೇಸ್‌ಬುಕ್ಕಿನಲ್ಲಿ ಹೀಗೆ ನೇಮಿಸಲ್ಪಟ್ಟವರು ಮೃತರ ಖಾಸಗಿ ಪತ್ರಗಳನ್ನು ಓದಲಾರರು. ಅದು ನಮಗೆ ಯೋಗ್ಯವೆಂದೇ ತೋರುವದು, ತೀರಿದವರಿಗೂ ಮಾನವುಂಟಷ್ಟೆ.

ಮನೆಯಲ್ಲಿ ಓದುಬರೆಹ ಬಲ್ಲ ಸೊಸೆಯೋ ಮೊಮ್ಮಗಳೋ ಇದ್ದರೆ ಈ ಕೆಲಸ ಒಂದು ಸಂಜೆಯದು. ಯಾವ ಬ್ಯಾಂಕು, ಯಾವ ನಂಬರು, ಯಾವ ಇಮೇಲು, ಯಾರು ನಾಮಿನಿ ಎಂಬಿಷ್ಟನ್ನು ವಹಿಯಲ್ಲಿ ಬರೆದು ಉತಾರದ ಕಾಗದಗಳೊಡನೆ ಟ್ರಂಕಿನಲ್ಲಿಡಬೇಕು. ಗುಪ್ತಪದಗಳನ್ನು ಆ ವಹಿಯಲ್ಲಿ ಬರೆಯಬಾರದು. ಫೋನು ತೆರೆಯುವ ಅಂಕಿಯೊಂದನ್ನು ಮಡದಿಗೆ ಬಾಯಿಂದ ಹೇಳಿದ್ದರೆ ಸಾಕು. ಮರಣದ ಮಾತೆತ್ತಿದರೆ ಹಿರಿಯರು ಅಪಶಕುನವೆಂದು ಮುನಿಯಬಹುದು. ಸುಗ್ಗಿ ಮುಗಿದು ಅವರು ಲೆಕ್ಕ ಬರೆಯಲು ಕುಳಿತಾಗ, ‘ಅಪ್ಪಾ, ಇದನ್ನೂ ಒಂದು ಹಾಳೆಯಲ್ಲಿ ಬರೆದುಬಿಡು’ ಎಂದು ಮೆಲ್ಲನೆ ಕೇಳಿರಿ.